ಅಪ್‌ಡೇಟ್: ಹಳೆ ಸರದ ಮಣಿಯ ಓಲೆ ಈಗ ಕಳಚುತ್ತಿಲ್ಲ

ಹಳೆ ಸರ ಬಿಚ್ಚಿ ಮಾಡಿದ ಓಲೆಯಿಂದ ಮಣಿ ಕಳಚಿ ಬೀಳುತ್ತೆ, ಕೊಕ್ಕೆ ಹಸಿರುಗಟ್ಟುತ್ತೆ ಅಂತ ಕೇಳಿದ್ದೆ. ಎರಡೂ ಸರಿಹೋಗಿದೆ, ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮಣಿ ಬೀಳೋದಕ್ಕೆ ಕಾರಣ ತಂತಿ. ಸರದ ಹಳೆ ತಂತಿ ಬಗ್ಗಿ ಬಗ್ಗಿ ಪೆಡಸಾಗಿರುತ್ತೆ, ಮತ್ತೆ ಬಗ್ಗಿಸಿದರೆ ಮುರಿಯುತ್ತೆ. ಹೊಸ 22 ಗೇಜ್ ತಂತಿ ತಗೊಳ್ಳಿ (ಗೇಜ್ ಅಂದರೆ ತಂತಿಯ ದಪ್ಪದ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು). ಮುತ್ತಿನ ತೂತು ಸಣ್ಣದಿದ್ದರೆ 26. ಮಣಿಯ ಮೇಲೆ 3 ಸೆಂ.ಮೀ. ಬಿಟ್ಟು, ದುಂಡುಮೂತಿ ಇಕ್ಕಳದಲ್ಲಿ ಕುಣಿಕೆ ಮಾಡಿ, ಉಳಿದ ತುದಿಯನ್ನು ಬುಡಕ್ಕೆ 2–3 ಸುತ್ತು ಬಿಗಿದು ಕತ್ತರಿಸಿ. ಬರೀ ಕುಣಿಕೆ ಭಾರಕ್ಕೆ ಬಾಯಿ ಬಿಡುತ್ತೆ. ಕುಣಿಕೆಯನ್ನು ಕೊಕ್ಕೆಗೆ ಜೋಡಿಸೋ ರಿಂಗನ್ನು ಪಕ್ಕಕ್ಕೆ ಎಳೆದು ಅಗಲಿಸಲೇಬೇಡಿ, ಒಂದು ತುದಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಚಿ ತೆರೆಯಿರಿ.

ಹಸಿರು ಬರೋದು ಲೇಪ ಸವೆದು ಒಳಗಿನ ತಾಮ್ರಕ್ಕೆ ಬೆವರು, ತೇವ ತಾಗಿದಾಗ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಸರ್ಜಿಕಲ್ ಸ್ಟೀಲ್ (ಸುಲಭಕ್ಕೆ ತುಕ್ಕು ಹಿಡಿಯದ ಸ್ಟೀಲ್) ಕೊಕ್ಕೆಯೇ ವಾಸಿ.