‘ಮೊದಲ ಮೂತ್ರ ವಿಸರ್ಜಿಸಿ’ ಅಂದರೆ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಲ್ಯಾಬಿನಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವ ಕೆಲಸ ನನ್ನದು. ರೋಗಿಗಳ ಕೈಗೆ ಕೊಡುವ ಒಂದು ಚೀಟಿಯ ಕನ್ನಡ ಸರಿ ಮಾಡುವ ಹೊಣೆ ನನ್ನ ತಲೆಗೆ ಬಂದಿದೆ. ಕೆಲವು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಪರೀಕ್ಷೆ ಮೂತ್ರದಲ್ಲಿರುವ ಕಾರ್ಟಿಸಾಲ್‌ನದು. ಮೂತ್ರಪಿಂಡದ ತಲೆ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನ್ ಅದು. ರಕ್ತದಲ್ಲಿ ಬೆಳಗ್ಗೆ ಏರಿರುತ್ತದೆ, ನಡುರಾತ್ರಿ ಹೊತ್ತಿಗೆ ಇಳಿದಿರುತ್ತದೆ. ಒಂದು ಸಲ ಸೂಜಿ ಚುಚ್ಚಿದರೆ ಆ ಹೊತ್ತಿನ ಲೆಕ್ಕ ಮಾತ್ರ ಸಿಗುತ್ತದೆ. ಅದಕ್ಕೇ ಒಂದು ಹಗಲು, ಒಂದು ರಾತ್ರಿ ಹೋದ ಮೂತ್ರವನ್ನೆಲ್ಲ ಕ್ಯಾನಿನಲ್ಲಿ ಹಿಡಿದು ತರಲು ಹೇಳುವುದು.

ಹಳೇ ಚೀಟಿಯಲ್ಲಿ ಇದ್ದದ್ದು ಹೀಗೆ: ‘24 ಗಂಟೆಯ ಮೂತ್ರವನ್ನು ಸಂಗ್ರಹಿಸಿ ತರತಕ್ಕದ್ದು.’ ಸಕಲೇಶಪುರದ ಕಡೆಯ ಅಜ್ಜಿಯೊಬ್ಬರು ಕ್ಯಾನನ್ನು ಹಳೇ ಸೀರೆಯಲ್ಲಿ ಸುತ್ತಿ, ಬಟ್ಟೆ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ಬಂದರು. ಬಿಚ್ಚಿ ನೋಡಿದರೆ ತಳದಲ್ಲಿ ಒಂದು ಲೋಟದಷ್ಟಿದೆ. ‘ನಿನ್ನೆ ಬೆಳಗ್ಗೆ ಹಿಡಿದದ್ದು ಕಣಪ್ಪ. ಸರಿಯಾಗಿ ಇಪ್ಪತ್ನಾಲ್ಕು ಗಂಟೆ ಆಗೈತೆ ನೋಡು’ ಅಂದರು.

ತಪ್ಪು ಅವರದಲ್ಲ. ಆರು ತಿಂಗಳ ಕೂಸು, ಎರಡು ದಿನದ ಹಿಟ್ಟು ಅನ್ನುತ್ತೇವಲ್ವಾ? ಅಲ್ಲೆಲ್ಲ ಷಷ್ಠಿ ವಿಭಕ್ತಿ ವಯಸ್ಸು ಹೇಳುತ್ತದೆ. ಅಜ್ಜಿಯ ಕಿವಿಗೆ ‘24 ಗಂಟೆಯ ಮೂತ್ರ’ವೂ ಹಾಗೇ ಕೇಳಿಸಿದೆ. ಪಾಪ, ಇನ್ನೊಮ್ಮೆ ಮೊದಲಿಂದ ಹಿಡಿಯಬೇಕಾಯಿತು.

ಅದಕ್ಕಿಂತ ಕಷ್ಟ ಎರಡನೇ ಸಾಲಿನದು: ‘ಬೆಳಗಿನ ಮೊದಲ ಮೂತ್ರವನ್ನು ವಿಸರ್ಜಿಸಿ.’ ಬರೆದವರ ಮನಸ್ಸಿನಲ್ಲಿದ್ದದ್ದು ‘ಬೇಡ, ಚೆಲ್ಲಿಬಿಡಿ’ ಅಂತ. ಆದರೆ ಮೂತ್ರ ವಿಸರ್ಜನೆ ಅಂದರೆ ಮೂತ್ರ ಮಾಡುವುದೇ ಅಲ್ವಾ? ಗಣಪತಿ ಬಿಡುವುದಕ್ಕೂ ವಿಸರ್ಜನೆ, ವಿಧಾನಸಭೆಗೂ ವಿಸರ್ಜನೆ. ಓದಿದವರೂ ಆ ಮೊದಲನೆಯದನ್ನು ಕ್ಯಾನಿಗೇ ಹಾಕಿ ತರುತ್ತಾರೆ. ಅದು ಹಿಂದಿನ ರಾತ್ರಿಯ ಲೆಕ್ಕ. ಸೇರಿಸಿದರೆ ಕಾರ್ಟಿಸಾಲ್ ಸುಮ್ನೆ ಜಾಸ್ತಿ ತೋರಿಸುತ್ತದೆ.

ನಾನು ಬರೆದಿರುವುದು ಇದು: ‘ಮೊದಲ ದಿನ ಬೆಳಗ್ಗೆ ಎದ್ದ ತಕ್ಷಣ ಒಂದಕ್ಕೆ ಹೋದದ್ದು ಕ್ಯಾನಿಗೆ ಬೇಡ. ಆಗ ಗಂಟೆ ಎಷ್ಟು ಅಂತ ಬರೆದಿಡಿ. ಆಮೇಲೆ ಹಗಲೂ ರಾತ್ರಿಯೂ ಪ್ರತಿ ಸಲದ್ದೂ ಕ್ಯಾನಿಗೇ ಹಾಕಿ. ಮಾರನೇ ದಿನ ಅದೇ ಹೊತ್ತಿಗೆ ಹೋಗಿ, ಅದನ್ನೂ ಹಾಕಿ ಮುಚ್ಚಳ ಬಿಗಿ ಮಾಡಿ. ಅಲ್ಲಿವರೆಗೂ ಕ್ಯಾನು ತಣ್ಣಗಿರಲಿ.’ ‘ಒಂದಕ್ಕೆ’ ಸ್ಕೂಲ್ ಮಕ್ಕಳ ಮಾತು ಅಂತ ನಮ್ಮಲ್ಲಿ ತಕರಾರು. ‘ಉಚ್ಚೆ’ ಬರೆದರೆ ಒರಟು ಅನ್ನುತ್ತಾರೆ. ಕೌಂಟರಿನಲ್ಲಿ ಮಾತ್ರ ಎಲ್ಲರೂ ‘ಉಚ್ಚೆ ಎಲ್ಲಿ ಕೊಡಬೇಕು’ ಅಂತಲೇ ಕೇಳುವುದು! ಅಚ್ಚಿನಲ್ಲಿ ಬಂದ ಕೂಡಲೇ ಆ ಪದಕ್ಕೆ ಮೈಲಿಗೆ ಯಾಕೋ.

ಚೀಟಿಯ ತಲೆಬರಹ ‘ಒತ್ತಡದ ಹಾರ್ಮೋನ್ ಪರೀಕ್ಷೆ’. ಇದನ್ನು ತೆಗೆಯೋಣ ಅಂತಿದ್ದೇನೆ. ಒಬ್ಬರು ಬಿಪಿ ಮಾತ್ರೆ ತೋರಿಸುತ್ತಾರೆ. ಇನ್ನೊಬ್ಬರು ‘ನಂಗೆ ಒತ್ತಡ ಏನಿಲ್ಲ, ಸಲೀಸಾಗಿ ಹೋಗುತ್ತೆ’ ಅನ್ನುತ್ತಾರೆ. ಮನೆಯವರ ಬಾಯಲ್ಲಿ ಅದು ‘ಟೆನ್ಷನ್ ಟೆಸ್ಟ್’. ಡಾಕ್ಟರು ಇದನ್ನು ಬರೆಯುವುದು ಟೆನ್ಷನ್ ಅಳೆಯಲಿಕ್ಕಲ್ಲ. ಹೆಚ್ಚಾಗಿ ಕುಶಿಂಗ್ಸ್ ಕಾಯಿಲೆಯ ಅನುಮಾನಕ್ಕೆ, ಅಂದರೆ ಮುಖ ದುಂಡಗೆ ಊದಿ, ಹೊಟ್ಟೆ ಬಂದು, ಚರ್ಮದ ಮೇಲೆ ನೇರಳೆ ಗೆರೆ ಮೂಡಿದವರಿಗೆ. ‘ಕಾರ್ಟಿಸಾಲ್ ಪರೀಕ್ಷೆ’ ಅಂತಷ್ಟೇ ಇದ್ದರೆ ಸಾಕು.

ಕೊನೆಯದು ‘ಫ್ರೀ ಕಾರ್ಟಿಸಾಲ್’. ಯಾರೋ ಅದನ್ನು ‘ಉಚಿತ ಕಾರ್ಟಿಸಾಲ್’ ಮಾಡಿದ್ದರು. ಬಿಲ್ ಕೊಟ್ಟಾಗ ಒಬ್ಬರು ಚೀಟಿ ಎತ್ತಿ ಹಿಡಿದರು, ನಾವು ಬಾಯಿ ಮುಚ್ಚಿಕೊಂಡೆವು. ರಕ್ತದಲ್ಲಿ ಕಾರ್ಟಿಸಾಲ್ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟದೆ ಉಳಿದದ್ದಕ್ಕೆ ಈ ಹೆಸರು, ಮೂತ್ರಕ್ಕೆ ಇಳಿಯುವುದೂ ಅದೇ. ‘ಮುಕ್ತ’ ಅನ್ನಬಹುದು. ನನಗೆ ‘ಬಿಡಿ ಕಾರ್ಟಿಸಾಲ್’ ಹಿಡಿಸಿದೆ. ಹೂವಿನ ಅಂಗಡಿಯಲ್ಲಿ ಕಟ್ಟಿದ ಹೂವು, ಬಿಡಿ ಹೂವು ಅನ್ನುವ ಹಾಗೆ. ಇದು ನಡೆಯುತ್ತಾ? ‘ವಿಸರ್ಜಿಸಿ’ಗೆ ನನ್ನ ಸಾಲಿಗಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ. ಚೀಟಿ ಇನ್ನೂ ಅಚ್ಚಿಗೆ ಹೋಗಿಲ್ಲ.