ಪದಚರ್ಚೆ: ಮುಂದೊಂದು ಹಿಂದೊಂದು ಅಳತೆಯ ಟೈರಿಗೆ ಕನ್ನಡದಲ್ಲಿ ಏನೆನ್ನುವುದು?

ಗೆಳೆಯರೆ,

ಕಾರೊಂದರ ಬಳಕೆಯ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂದು ಸಂಜೆಯೊಳಗೆ ಒಂದು ಪದ ಬೇಕು. ಮುಂದಿನ ಟೈರುಗಳು 245/40 ಆರ್ 19, ಹಿಂದಿನವು 275/35 ಆರ್ 19. ಇಂಥ ಜೋಡಣೆಯನ್ನು ಇಂಗ್ಲಿಷಿನವರು ‘ಸ್ಟ್ಯಾಗರ್ಡ್’ ಎನ್ನುತ್ತಾರೆ. ‘ಸ್ಟ್ಯಾಗರ್’ ಎಂದರೆ ತೂರಾಡು ಎಂದೂ ಆಗುತ್ತದೆ, ಅದನ್ನೇ ಹಿಡಿದು ನನಗೆ ಬಂದ ಕರಡಿನಲ್ಲಿ ಯಾರೋ ‘ತೂರಾಡುವ ಚಕ್ರಗಳು’ ಎಂದು ಬರೆದಿಟ್ಟಿದ್ದಾರೆ. ಓದಿದವರು ಕಾರು ಬಿಟ್ಟು ಓಡಿಯಾರು. ಬಾಗಿಲ ಚೌಕಟ್ಟಿಗೆ ಅಂಟಿಸುವ ಚೀಟಿಗೂ ಇದೇ ಪದ ಹೋಗಬೇಕು, ಆದ್ದರಿಂದ ಉದ್ದುದ್ದ ವಿವರಣೆ ಬೇಡ. ‘ವಿಷಮ ಟೈರು’ ನಡೆದೀತೇ?

*

ನಡೆಯದು. ವಿಷಮ ಎಂದೊಡನೆ ನೆನಪಾಗುವುದು ವಿಷಮಶೀತಜ್ವರ. ‘ಅಸಮ’ ಹಾಕಿ, ಮುಗಿಸಿ.

*

‘ಅಸಮ’ ಹಾಕಿದರೆ ಮುಗಿಯುವುದಿಲ್ಲ, ಗೊಂದಲ ಅಲ್ಲಿಂದಲೇ ಶುರು. ಗಾಳಿ ಕಡಿಮೆಯಾಗಿ ಟೈರಿನ ಎರಡೂ ಅಂಚು ತಿಂದುಹೋದರೆ ಅದು ಅಸಮ ಸವೆತ. ಒಳಬದಿಗೊಂದು ಹೊರಬದಿಗೊಂದು ಗೆರೆವಿನ್ಯಾಸವಿದ್ದರೆ ಅದನ್ನೂ ಅಸಮ ಎಂದೇ ಬರೆಯುತ್ತಾರೆ. ಮೂರನೆಯ ಅರ್ಥವನ್ನು ಹೊರುವ ಶಕ್ತಿ ಆ ಪದಕ್ಕೆ ಇಲ್ಲ.

ಮೊದಲು ವಸ್ತು ಏನೆಂದು ನೋಡಿ. 245 ಎಂಬುದು ಮಿಲಿಮೀಟರಿನಲ್ಲಿ ಅಗಲ. 40 ಎಂದರೆ ಆ ಅಗಲದ ಶೇಕಡಾ 40ರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ 98 ಮಿ.ಮೀ. ಹಿಂದಿನದರಲ್ಲಿ 275ರ ಶೇಕಡಾ 35, ಅಂದರೆ 96.25. ಎರಡಕ್ಕೂ 19 ಅಂಗುಲದ ರಿಮ್, ಅದು 482.6 ಮಿ.ಮೀ. ಕೂಡಿಸಿ ನೋಡಿದರೆ ಮುಂದಿನ ಟೈರಿನ ಒಟ್ಟು ವ್ಯಾಸ 678.6, ಹಿಂದಿನದರ ವ್ಯಾಸ 675.1. ಅಗಲದಲ್ಲಿ 30 ಮಿ.ಮೀ. ವ್ಯತ್ಯಾಸ, ಎತ್ತರದಲ್ಲಿ ಬರೀ ಮೂರೂವರೆ. ಜಾಣತನವಿರುವುದೇ ಇಲ್ಲಿ. ಅಗಲ ಹೆಚ್ಚಿಸುವ ಉತ್ಸಾಹದಲ್ಲಿ ಯಾರಾದರೂ ಹಿಂದಕ್ಕೆ 275/40 ಹಾಕಿಕೊಂಡರೆ ವ್ಯಾಸ 702.6 ಆಗುತ್ತದೆ. ಮುಂದಿನ ಚಕ್ರಗಳೇ ಹೆಚ್ಚು ವೇಗವಾಗಿ ತಿರುಗುತ್ತಿವೆ ಎಂದು ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಸಂವೇದಕಗಳಿಗೆ ಕಾಣುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಕಾರಾದರೆ, ಹಿಂದುಮುಂದಿನ ಚಕ್ರಗಳ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ನಡುವಣ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ.

ಆದ್ದರಿಂದ ನಿಮ್ಮ ಪದದಲ್ಲಿ ‘ಅಗಲ’ ಇರಲೇಬೇಕು. ‘ಅಳತೆ’ ಎಂದರೆ ಸಾಲದು. ‘ಬೇರೆ ಅಳತೆ’ ಎಂದು ಓದಿದವನು ಸಿಕ್ಕಿದ್ದನ್ನೆಲ್ಲ ಹಾಕಲು ಅಪ್ಪಣೆ ಸಿಕ್ಕಿತೆಂದು ತಿಳಿಯುತ್ತಾನೆ. ಹಾಗೆ ಸಿಕ್ಕಿದ್ದನ್ನು ಹಾಕುವುದಕ್ಕೆ ನಮ್ಮಲ್ಲಿ ಒಳ್ಳೆಯ ಪದ ಆಗಲೇ ಇದೆ: ಕಲಬೆರಕೆ.

*

ಇಷ್ಟು ಲೆಕ್ಕ ಹಾಕುವ ಬದಲು ಛಂದಸ್ಸು ತೆರೆದಿದ್ದರೆ ಪದ ಅಲ್ಲಿಯೇ ಕಾದಿತ್ತು. ನಾಲ್ಕು ಪಾದಗಳೂ ಒಂದೇ ಬಗೆಯಾದರೆ ಸಮವೃತ್ತ. ನಾಲ್ಕೂ ಬೇರೆ ಬೇರೆಯಾದರೆ ವಿಷಮವೃತ್ತ. ಎರಡು ಒಂದು ಬಗೆ, ಉಳಿದೆರಡು ಇನ್ನೊಂದು ಬಗೆಯಾದರೆ ಅರ್ಧಸಮವೃತ್ತ. ನಿಮ್ಮ ಕಾರು ಅರ್ಧಸಮ. ವಿಷಮ ಎಂದು ಬರೆದರೆ ನಾಲ್ಕು ಚಕ್ರಕ್ಕೆ ನಾಲ್ಕು ಅಳತೆ ಎಂದಾಗುತ್ತದೆ, ಅದು ಅಪಘಾತಕ್ಕೆ ಆಹ್ವಾನ. ಕಂದಪದ್ಯವನ್ನೇ ನೋಡಿ: 12, 20, 12, 20 ಮಾತ್ರೆ. ಅದು ಸಾವಿರ ವರ್ಷ ಎಡವದೆ ಓಡಿಲ್ಲವೇ? ‘ಅರ್ಧಸಮಗಾಲಿ’ ಎನ್ನಿ. ಇದಕ್ಕಿಂತ ನಿಖರವಾದ ಪದ ನಿಮಗೆ ಸಿಗುವುದಿಲ್ಲ.

*

ಅರ್ಧಸಮಗಾಲಿ ಅರಿಸಮಾಸ, ಸಂಸ್ಕೃತಕ್ಕೂ ಕನ್ನಡಕ್ಕೂ ಹಾಕಿದ ಸಲ್ಲದ ಬೆಸುಗೆ. ವ್ಯಾಕರಣಕಾರ ಕೇಶಿರಾಜನಿಂದ ಬೈಸಿಕೊಳ್ಳುವ ಆಸೆಯಿದ್ದರೆ ಹಾಗೆಯೇ ಬರೆಯಲಿ.

ಗಾಲಿ ಅಚ್ಚ ದ್ರಾವಿಡ ಪದ, ತಮಿಳಿನಲ್ಲಿ ‘ಕಾಲ್’ ಎಂಬುದಕ್ಕೆ ಚಕ್ರವೆಂಬ ಅರ್ಥ ಇಂದಿಗೂ ನಿಘಂಟಿನಲ್ಲಿದೆ. ಅದರ ಕೊರಳಿಗೆ ಸಂಸ್ಕೃತದ ಗಂಟೆ ಕಟ್ಟುವ ಚಟ ಯಾವಾಗ ಬಿಡುತ್ತದೋ! ಮುಂಗಾಲು, ಹಿಂಗಾಲು ಇದ್ದಂತೆ ಮುಂಗಾಲಿ, ಹಿಂಗಾಲಿ. ಜೋಡಣೆಗೆ ‘ಹಿಂದಗಲ’. ನಾಲ್ಕೇ ಅಕ್ಷರ, ಚೀಟಿಯಲ್ಲಿ ಹಿಡಿಯುತ್ತದೆ.

*

ಅರಿಸಮಾಸ ಬೇಡವೆನ್ನುವವರು ಜೂನ್ ತಿಂಗಳಲ್ಲಿ ಏನೆನ್ನುತ್ತಾರೆ? ‘ಮಳೆಗಾಲ’ದಲ್ಲಿ ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು.

ಇನ್ನು ‘ಹಿಂದಗಲ’ ಚೆನ್ನಾಗಿದೆ, ಆದರೆ ಒಕ್ಕಣ್ಣಿನದು. ಹಿಂದೆ ಅಗಲ ಕೊಡುವುದು ಎಂಜಿನ್ ಬಲವೆಲ್ಲ ಹಿಂದಿನ ಚಕ್ರಕ್ಕೆ ಹೋಗುವ ಕಾರುಗಳ ಪದ್ಧತಿ. ತಿರುವಿನಲ್ಲಿ ಬಾಲ ಜಾರದಿರಲಿ ಎಂದು. ಆಡಿ ಆರ್‌ಎಸ್3 ಕಾರಿನಲ್ಲಿ ಮುಂದಿನ ಟೈರೇ ಅಗಲ, ಹಿಂದಿನದು ಕಿರಿದು. ಅದಕ್ಕೆ ‘ಮುಂದಗಲ’ ಎನ್ನುತ್ತೀರಿ ಸರಿ, ಎರಡಕ್ಕೂ ಸೇರಿದ ಹೆಸರು ಯಾವುದು?

*

ಎರಡಕ್ಕೂ ಸೇರಿದ ಹೆಸರನ್ನು ಯಾರು ಕೇಳಿದರು? ಕೇಳಿದ್ದು ಒಂದು ಕಾರಿಗೆ. ‘ಟೈರು’ ಎಂಬುದನ್ನೂ ಹಾಗೆಯೇ ನುಂಗಿಕೊಂಡು ಕೂತಿದ್ದೀರಿ, ಅದಕ್ಕೆ ಮೊದಲು ಒಂದು ಕನ್ನಡ ಪದ ಕಟ್ಟೋಣ.

*

ಕಟ್ಟಬೇಡಿ. ಇಂಗ್ಲಿಷಿನ ಟೈರು ‘ಅಟೈರ್’ ಎಂಬುದರ ಮೊಟಕು ರೂಪ, ಚಕ್ರದ ಉಡುಗೆ ಎಂಬ ಅರ್ಥದಲ್ಲಿ ಬಂದದ್ದು; ಆ ಅಟೈರನ್ನು ಅವರು ಫ್ರೆಂಚರಿಂದ ತಂದುಕೊಂಡವರು. ಅವರಿಗಿಲ್ಲದ ಮಡಿ ನಮಗೇಕೆ? ನೀವು ಹೊರಗಟ್ಟುತ್ತಿರುವ ಸಂಸ್ಕೃತದ ‘ಚಕ್ರ’ಕ್ಕೂ ಇಂಗ್ಲಿಷಿನ ‘ವ್ಹೀಲ್’ಗೂ ಬೇರು ಒಂದೇ. ಎರವಲು ಬೇಡವೆಂದು ಹಟ ಹಿಡಿದರೆ ಗಾಲಿಯೊಂದನ್ನು ಬಿಟ್ಟು ಇಡೀ ಕಾರನ್ನು ಕಳಚಿ ಇಡಬೇಕಾಗುತ್ತದೆ, ‘ಕಾರು’ ಎಂಬ ಹೆಸರೂ ಸೇರಿ.

*

ಎಲ್ಲರಿಗೂ ವಂದನೆ. ಸಂಜೆಯಾಯಿತು, ಒಪ್ಪಿಸಿಬಿಟ್ಟೆ. ಕೈಪಿಡಿಯಲ್ಲಿ ‘ಅಗಲಭೇದದ ಟೈರು ಜೋಡಣೆ’ ಎಂದು ಬರೆದು, ಕೆಳಗೆ ಎರಡು ಸಾಲು ಸೇರಿಸಿದ್ದೇನೆ: ಈ ಟೈರುಗಳನ್ನು ಹಿಂದಿನಿಂದ ಮುಂದಕ್ಕೆ ಬದಲಾಯಿಸಬಾರದು, ಒಂದೇ ದಿಕ್ಕಿಗೆ ಉರುಳಬೇಕೆಂಬ ಬಾಣದ ಗುರುತು ಇಲ್ಲದಿದ್ದರೆ ಎಡದಿಂದ ಬಲಕ್ಕೆ ಬದಲಾಯಿಸಬಹುದು. ಚೀಟಿಯಲ್ಲಿ ಹೆಸರನ್ನೇ ಕೈಬಿಟ್ಟು ಹೀಗೆ ಹಾಕಿದೆ: ‘ಮುಂದೆ 245/40, ಹಿಂದೆ 275/35. ಅದಲುಬದಲು ಬೇಡ.’ ಅರ್ಧಸಮ ಮನಸ್ಸಿಗೆ ಹಿಡಿಸಿತು, ಆದರೆ ಪಂಕ್ಚರ್ ಹಾಕುವವರು ಛಂದಸ್ಸು ಓದಿರಬೇಕೆಂದು ನಾನು ಷರತ್ತು ಹಾಕಲಾರೆ.

*

ಅಗಲ ಕನ್ನಡ, ಭೇದ ಸಂಸ್ಕೃತ. ಇದೂ ಅರಿಸಮಾಸವೇ. ‘ಅಗಲಬೇರ್ಮೆ’ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು?

*

ಓದುಗ ಹೋಗುತ್ತಿದ್ದ.