ಧೂಮಕೇತು ಲ್ಯಾಂಡರಿನ ಸಲಾಕಿ: ಬೆಳಗಾವಿಯೊಳಗ ಟೆಸ್ಟ್ ಹೆಂಗ ಮಾಡೂದು?

ಉದ್ಯಮಬಾಗ_ಲೇತ್:
ಫೈನಲ್ ಇಯರ್ ಪ್ರಾಜೆಕ್ಟಿಗೆ ಧೂಮಕೇತು ಲ್ಯಾಂಡರಿನ ಸಲಾಕಿ ಮಾಡಾಕತ್ತೇವಿ. 67ಪಿ ಧೂಮಕೇತುವಿನ ಮ್ಯಾಲ ಇಳಿದ ಯುರೋಪಿನ ಫೈಲೀ ಲ್ಯಾಂಡರಿನ್ಯಾಗಿದ್ದ ಮುಪುಸ್ ಉಪಕರಣದಂಗ, ಸುತ್ತಿಗಿ ಬಡದು ನೆಲದಾಗ ಇಳಿಸಿ ಒಳಗಿನ ತಾಪಮಾನ ಅಳಿಯೂದು. 10 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡ್, 40 ಸೆಂ.ಮೀ. ಉದ್ದ, ತುದಿಗೆ ಸುತ್ತಿಗಿ ಓಡಿಸೂ ಸೊಲೆನಾಯ್ಡ್ (ಕರೆಂಟ್ ಕಾಯಿಲ್). ಬಕೆಟ್ ಉಸುಕಿನ್ಯಾಗ ನೆಟ್ಟಗ ನಿಲ್ಲಿಸಿ ಬಡದ್ರ 12 ಏಟಿಗೆ ಪೂರಾ ಇಳೀತೈತಿ. ಇಷ್ಟು ಸಾಕಾಗಂಗಿಲ್ಲ ಅಂತಾರ ಗೈಡ್. ಮತ್ತೇನು ಮಾಡಬೇಕ್ರಿ?

ಫಿಟ್ಟರ್_ಮಾವ:
ಗೈಡ್ ಹೇಳಿದ್ದು ಖರೇ. ನೆಟ್ಟಗ ನಿಲ್ಲಿಸಿದ್ರ ಅರ್ಧ ಕೆಲಸ ಭೂಮೀನ ಮಾಡಿಕೊಡತೈತಿ. 67ಪಿ ಧೂಮಕೇತುವಿನ ಮ್ಯಾಲ 100 ಕೆ.ಜಿ. ಫೈಲೀ ತೂಗಿದ್ದು ಇಲ್ಲಿಯ ಒಂದೆರಡು ಗ್ರಾಂನಷ್ಟು, ಅಂದ್ರ ಸುಮಾರು 0.016 ನ್ಯೂಟನ್. 10 ನ್ಯೂಟನ್ ಒತ್ತಿದ್ರ ಸಲಾಕಿ ಕೆಳಗ ಹೋಗಂಗಿಲ್ಲ, ಲ್ಯಾಂಡರ್ ಮ್ಯಾಲೇಳತೈತಿ. ಅದಕ್ಕಂತನ ಹಾರ್ಪೂನು (ನೆಲಕ್ಕ ನೆಡೂ ಈಟಿ), ಪಾದಕ್ಕ ಸ್ಕ್ರೂ, ಮ್ಯಾಲಿಂದ ಒತ್ತೂ ಥ್ರಸ್ಟರ್ ಇಟ್ಟಿದ್ರು. 2014ರ ನವೆಂಬರ್ 12ಕ್ಕ ಹಾರ್ಪೂನ್ ಹಾರಲಿಲ್ಲ, ಥ್ರಸ್ಟರೂ ಕೈಕೊಟ್ಟಿತು. ನೆಲಾ ಮುಟ್ಟಿ ಪುಟಿದು, ಹತ್ತತ್ರ ಎರಡು ತಾಸು ತೇಲಿ ಬ್ಯಾರೆ ಕಡೆ ಕುಂತಿತು.

ಸಲಾಕಿ ಅಡ್ಡ ಮಲಗಸ್ರಿ. ಎಲ್ಲಾ ಸೇರಿ 2 ಕೆ.ಜಿ. ಇದ್ರ, 3 ಮೀಟರಿನ ನಾಕು ದಾರಕ್ಕ ತೂಗಬಿಟ್ಟು, ಎದುರಿನ ಗೋಡಿಗೆ ಮಾದರಿ ಬ್ಲಾಕ್ ಕಟ್ರಿ. 1 ಮಿ.ಮೀ. ಸರಿದ್ರ ದಾರ ಎಳೆಯೂದು ಬರೇ 6.5 ಮಿಲಿನ್ಯೂಟನ್. ಹಿಂದೊದೆತ ಕಣ್ಣಿಗೆ ಕಾಣತೈತಿ.

ಸುತ್ತಿಗಿ 30 ಗ್ರಾಂ ಇದ್ರ ಹಿಂದ 500 ಗ್ರಾಂ ಎದುರುತೂಕ ಮೆತ್ತನ ಸ್ಪ್ರಿಂಗಿಗೆ ಕೂಡಸ್ರಿ. ಸುತ್ತಿಗಿ ಸೆಕೆಂಡಿಗೆ 5 ಮೀಟರ್ ಹೋದ್ರ ಎದುರುತೂಕ ಸೆಕೆಂಡಿಗೆ 0.3 ಮೀಟರಿನಂಗ ಹಿಂದ ಬರತೈತಿ. ಸ್ಪ್ರಿಂಗ್ ಮೀಟರಿಗೆ 50 ನ್ಯೂಟನ್ ಹಿಡದ್ರ, ಅದಕ್ಕ 30 ಮಿ.ಮೀ. ಜಾಗ ಬೇಕು, ಸಲಾಕಿಗೆ ಬರೂ ಹಿಂದೆಳೆತ 1.5 ನ್ಯೂಟನ್. ಇದನ್ನ ತಡಿಯೂದು ತೂತಿನ ಗೋಡಿಯ ಘರ್ಷಣೆ ಒಂದ. ಅದಿಲ್ಲಂದ್ರ ಸಲಾಕಿ ಇದ್ದಲ್ಲೇ ಕುಣೀತೈತಿ. ಮಂಗಳದ ಮ್ಯಾಲ ನಾಸಾದ ಇನ್‌ಸೈಟ್ ಲ್ಯಾಂಡರಿನ ‘ಮೋಲ್’ (ತಾನ ಬಡಕೊಂಡು ಇಳಿಯೂ ಸಲಾಕಿ) ಸೋತಿದ್ದು ಹಿಂಗ: 5 ಮೀಟರ್ ಇಳೀಬೇಕಾಗಿತ್ತು, 2019ರ ಫೆಬ್ರುವರಿಯಿಂದ 2021ರ ಜನವರಿ ತನಕ ಬಿಟ್ಟುಬಿಟ್ಟು ಬಡದ್ರೂ ಅದರ ತಲಿ ನೆಲದ ಕೆಳಗ 2-3 ಸೆಂ.ಮೀ. ಅಷ್ಟ.

ಎರಕದ_ಮರಳು:
ಬಕೆಟ್ ಉಸುಕು ಬಿಡಿ. ಮುಪುಸ್ ಎಷ್ಟು ಜೋರು ಬಡಿದರೂ ಕೆಲವೇ ಸೆಂ.ಮೀ. ಸಹ ಸರಿಯಾಗಿ ಇಳಿಯಲಿಲ್ಲ. ಅಲ್ಲಿಯ ನೆಲ 2 ಮೆಗಾಪ್ಯಾಸ್ಕಲ್‌ಗಿಂತ (20 ಲಕ್ಷ ಪ್ಯಾಸ್ಕಲ್) ಗಟ್ಟಿ ಎಂದು ಲೆಕ್ಕ ಹಾಕಿದರು. ಅದೇ ಫೈಲೀ ಪುಟಿಯುವಾಗ ಉಜ್ಜಿದ ಬಂಡೆಯೊಳಗಿನ ಮಂಜುಗಡ್ಡೆ 12 ಪ್ಯಾಸ್ಕಲ್‌ಗಿಂತ ಮೆತ್ತಗಿತ್ತು ಅಂತ 2020ರಲ್ಲಿ ಗೊತ್ತಾಯಿತು. ಲಕ್ಷಕ್ಕೂ ಮೀರಿದ ಪಟ್ಟು ವ್ಯತ್ಯಾಸ. ಎರಡಕ್ಕೂ ಒಂದೇ ಸಲಾಕಿ!

ಬೆಳಗಾವಿಯಲ್ಲಿದ್ದುಕೊಂಡು ಮಾದರಿ ನೆಲಕ್ಕೆ ಅಲೆಯಬೇಕೇ? ಫೌಂಡ್ರಿಯಲ್ಲಿ ಎರಕದ ಅಚ್ಚಿಗೆ ಬಳಸುವ ಕೋರ್ ಮರಳೇ ಸಾಕು. ಒಣ ಸಿಲಿಕಾ ಮರಳಿಗೆ ತೂಕದ 4% ಸೋಡಿಯಂ ಸಿಲಿಕೇಟ್ ಕಲಸಿ, 6 ಇಂಚಿನ ಪಿವಿಸಿ ಪೈಪಿನಲ್ಲಿ ಕುಟ್ಟಿ ತುಂಬಿ, ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ 1-2 ಮೆಗಾಪ್ಯಾಸ್ಕಲ್ ಆಸುಪಾಸು ಬರುತ್ತದೆ. ಅನಿಲ ಅತಿಯಾದರೆ ಮೇಲೆ ಬಿಳಿ ಪುಡಿ ಕಟ್ಟಿ ಅಂಚು ಉದುರುತ್ತದೆ, ಆ ಬ್ಲಾಕ್ ಎಸೆಯಿರಿ. ಪ್ರತಿ ಕಲಸಿಗೆ ಒಂದು ತುಂಡು ತೆಗೆದಿಟ್ಟು ಒತ್ತಡ ಯಂತ್ರದಲ್ಲಿ ಒಡೆದು ನೋಡಿ, ಊಹೆ ಬೇಡ. ಸಿಲಿಕೇಟ್ ಕಡಿಮೆ ಮಾಡಿದ ಇನ್ನೊಂದು ಬ್ಲಾಕೂ ಇರಲಿ, ಬೆರಳಿಗೆ ಪುಡಿಯಾಗುವಂಥದ್ದು. ಘರ್ಷಣೆಯ ತೊಂದರೆ ಕಾಣುವುದು ಅದರಲ್ಲೇ.

ಹಂಚಿನ_ರೊಟ್ಟಿ:
ರಾಡ್ ಬಗ್ಗೆ ಯಾರೂ ಹೇಳವಲ್ಲರಿ. ಎಂ.ಎಸ್. ಉಷ್ಣ ವಾಹಕತೆ 50ರ ಹತ್ರ, ಸಡಿಲ ಧೂಮಕೇತು ನೆಲದ್ದು ಅದರ ಸಾವಿರದ ಒಂದು ಪಾಲೂ ಇಲ್ಲ. ಬಿಸಿ ರಾಡಿನ ಗುಂಟನ ಇಳೀತೈತಿ, ರೊಟ್ಟಿ ಬಿಟ್ಟು ಹಂಚಿನ ಬಿಸಿ ಅಳೆದಂಗ. ಮುಪುಸ್ ಸಲಾಕಿ ತೆಳು ಫೈಬರ್ ಕೊಳವೆ, ಒಳಗ 16 ಸೆನ್ಸರ್. ನೀವು ಗ್ಲಾಸ್ ಫೈಬರ್ ಕೊಳವೆ ತಗೊಂಡು ಮೊನಿಗೆ ಅಷ್ಟ ಲೋಹ ಹಾಕ್ರಿ.

ಅಲ್ಲಿ ಅಳೆದ ತಾಪ ಮೈನಸ್ 153 ಡಿಗ್ರಿ. ಗ್ರೀಸ್ ಕಲ್ಲಾಗತೈತಿ, ಸುತ್ತಿಗಿ ಜಾರೂ ಕಡೆ ಮಾಲಿಬ್ಡಿನಂ ಡೈಸಲ್ಫೈಡ್ ಒಣ ಲೇಪ ಬೇಕು. ಕಾಯಿಲಿನ ತಾಮ್ರದ ರೋಧ ಮೂರನೇ ಒಂದಕ್ಕ ಇಳೀತೈತಿ, ಕರೆಂಟ್ ಏರಿ ಏಟು ಜೋರಾಗತೈತಿ. ಕೋಣಿಯೊಳಗ ಸೆಟ್ ಮಾಡಿದ ಪಲ್ಸ್ ಅಲ್ಲಿ ನಡಿಯಂಗಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬೆಚ್ಚಗಿನ ಪೆಟ್ಟಿಗ್ಯಾಗ ಇಡ್ರಿ. ದ್ರವ ನೈಟ್ರೋಜನ್ ಬೇಕಂದ್ರ ದನಗಳ ಕೃತಕ ಗರ್ಭಧಾರಣೆಗೆ ತರಿಸೂ ಕಡೆ ವಿಚಾರಸ್ರಿ. ಬಾಗಲಾ ಕಿಡಕಿ ತೆರೆದ ಸುರೀರಿ.

ಉದ್ಯಮಬಾಗ_ಲೇತ್:
ವರ್ಕ್‌ಶಾಪ್ ಛಾವಣಿ 2.6 ಮೀಟರ್ ಅಷ್ಟ ಐತಿ. ನಡೀತೈತೇನ್ರಿ?

ಫಿಟ್ಟರ್_ಮಾವ:
2 ಮೀಟರ್ ದಾರಕ್ಕ 1 ಮಿ.ಮೀ.ಗೆ 10 ಮಿಲಿನ್ಯೂಟನ್ ಹತ್ರ, ನಡೀತೈತಿ. ಫ್ಯಾನ್ ಬಂದ್ ಮಾಡ್ರಿ. ಸೊಲೆನಾಯ್ಡಿನ ವೈರ್ ದಪ್ಪ ಇದ್ರ ಅದ ಸ್ಪ್ರಿಂಗ್ ಆಗಿ ಎಳೀತೈತಿ, ಸಣ್ಣ ಎನಾಮೆಲ್ ತಂತಿ ಸಡಿಲಾಗಿ ಇಳಿಬಿಡ್ರಿ.